ಗೆದ್ದವರಿಗೆ ತರಬೇತಿ, ಗೆಲ್ಲಿಸಿದವರಿಗೆ ಟೀ

ಮನೆ ಕಂದಾಯದ ರಸೀದಿಯನ್ನು ಯಾರೂ ಓದುವುದಿಲ್ಲ. ಬಿಲ್ ಕಲೆಕ್ಟರ್ ಹರಿದು ಕೊಟ್ಟದ್ದನ್ನು ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನ ಕವರಿನೊಳಗೆ ತುರುಕಿಬಿಟ್ಟರೆ ಮುಂದಿನ ವರ್ಷದ ತನಕ ಅದರ ನೆನಪಿಲ್ಲ. ಒಮ್ಮೆ ಬಿಡಿಸಿ ನೋಡಿ. ಕಟ್ಟಡದ ತೆರಿಗೆಯ ಬೆನ್ನಿಗೇ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಬರೆದಿರುತ್ತದೆ. ನೂರು ರೂಪಾಯಿ ತೆರಿಗೆಯ ಮೇಲೆ ಗ್ರಂಥಾಲಯಕ್ಕೆ ಆರು ರೂಪಾಯಿ, ಭಿಕ್ಷುಕರ ಪುನರ್ವಸತಿಗೆ ಮೂರು. ಈ ಆರು ರೂಪಾಯಿಯ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ರಸೀದಿ ಮಾತ್ರವಲ್ಲ, ಯಾವ ಕೆಲಸಕ್ಕೆ ಯಾವ ಕಚೇರಿ ಎಂಬುದೂ ಗೊಂದಲವೇ. ಗೋವಿನಕೋವಿ ಎಂಬ ಊರನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ಮಗ್ಗುಲಿನ ಸೀಮೆ. ಭತ್ತ, ಅಡಿಕೆ, ಮೆಕ್ಕೆಜೋಳದ ನೆಲ. 1997ರ ತನಕ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಬಂತು. ಮೊನ್ನೆ ಮೊನ್ನೆಯವರೆಗೂ ಹೊನ್ನಾಳಿ ತಾಲ್ಲೂಕು, ಈಗ ನ್ಯಾಮತಿ ತಾಲ್ಲೂಕು. ಊರು ಇದ್ದಲ್ಲೇ ಇದೆ, ಓಡಾಡಿದ್ದು ಕಚೇರಿ. ಹೋಬಳಿ ಕೇಂದ್ರವಾದ್ದರಿಂದ ಇಲ್ಲಿನವರ ಬದುಕಿನಲ್ಲಿ ಎರಡು ಸರ್ಕಾರ ಒಟ್ಟೊಟ್ಟಿಗೆ ನಡೆಯುತ್ತವೆ. ಹೋಬಳಿ, ನಾಡಕಚೇರಿ, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ ಇವೆಲ್ಲ ಕಂದಾಯ ಇಲಾಖೆಯ ಸಂಸಾರ, ತಹಶೀಲ್ದಾರರ ಕಡೆಯದು. ಮನೆಯ ಖಾತೆ, ನಲ್ಲಿ, ಚರಂಡಿ, ಬೀದಿದೀಪ ಗ್ರಾಮ ಪಂಚಾಯಿತಿಯ ಪಾಲಿನವು. ಅಲ್ಲಿ ಗ್ರಾಮ ಆಡಳಿತ ಅಧಿಕಾರಿ, ಇಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಒಬ್ಬರು ಇನ್ನೊಬ್ಬರ ಕೆಳಗಿಲ್ಲ.

ಈ ವ್ಯತ್ಯಾಸ ಗೊತ್ತಿಲ್ಲದೆ ನಾನೇ ಒಂದು ದಿನ ದಂಡ ತೆತ್ತಿದ್ದೇನೆ. ಮನೆಯ ಖಾತೆ ಬದಲಾವಣೆಗೆಂದು ನಾಡಕಚೇರಿಯೊಂದರ ಕಿಟಕಿಯ ಮುಂದೆ ಎರಡು ತಾಸು ನಿಂತು, ಸರದಿ ಬಂದಾಗ "ಇದು ನಮ್ಮದಲ್ಲಣ್ಣ, ಪಂಚಾಯಿತಿಗೆ ಹೋಗಿ" ಅನ್ನಿಸಿಕೊಂಡೆ. ಪಂಚಾಯಿತಿಗೆ ಹೋದರೆ ನಮೂನೆ 9, ನಮೂನೆ 11 ಅಂದರು. ನಡುವಿನ ಹತ್ತು ಎಲ್ಲಿ ಎಂದು ಕೇಳುವ ಧೈರ್ಯ ಆಗಲಿಲ್ಲ. ಓದಿದವನ ಪಾಡೇ ಹೀಗಾದರೆ, ಹೊಲದ ಕೆಲಸ ಬಿಟ್ಟು ಬಸ್ ಹತ್ತಿ ಬಂದವರ ಗತಿ ಏನು?

ಹಾಗಂತ ಈ ವಿದ್ಯೆ ಕಲಿಸುವವರೇ ಇಲ್ಲ ಅಂತಲ್ಲ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯೇ ಇದೆ. ಚುನಾವಣೆ ಮುಗಿದು ಹೊಸ ಸದಸ್ಯರು ಬಂದರೆ ಅವರಿಗೆ ತರಬೇತಿ ಶುರು. ಉಪಗ್ರಹದ ಮೂಲಕ ತಾಲ್ಲೂಕು ತಾಲ್ಲೂಕಿಗೆ ಪಾಠ ಕಳಿಸಿದ ಸಂಸ್ಥೆ ಅದು. ಅಧ್ಯಕ್ಷರಿಗೆ, ಸದಸ್ಯರಿಗೆ, ನೀರಗಂಟಿಗೆ, ಪಿಡಿಒಗೆ ಎಲ್ಲರಿಗೂ ಪಾಠವಿದೆ. ಸುಮಾರು 400 ಜನರಿಗೆ ಒಬ್ಬ ಸದಸ್ಯ ಎಂಬುದು ಕಾಯ್ದೆಯ ಲೆಕ್ಕ. ಆ ಒಬ್ಬರಿಗೆ ತರಬೇತಿ ಸಿಕ್ಕಿತು. ಉಳಿದ 399 ಮಂದಿಗೆ?

ನಜೀರ್ ಸಾಬ್ ಅಂದರೆ ಹಳಬರಿಗೆ 'ನೀರ್ ಸಾಬ್'. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದವರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ತಂದ 1983ರ ಕಾಯ್ದೆಯ ಹಿಂದಿದ್ದವರೂ ಅವರೇ. 1987ರ ಜನವರಿಯಲ್ಲಿ ಅದರಡಿ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿತ್ತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಕರ್ನಾಟಕ ಅದಕ್ಕೂ ಆರು ವರ್ಷ ಮುಂಚೆಯೇ ಆ ದಾರಿ ತುಳಿದಿತ್ತು. ಈಗ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ. ಕುರ್ಚಿ ಕೊಡುವುದರಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ಕುರ್ಚಿಯ ಎದುರು ಕೂತವರಿಗೆ ಕಲಿಸುವುದನ್ನು ಮಾತ್ರ ಮರೆತಿದ್ದೇವೆ.

ಕೇರಳ ಮರೆಯಲಿಲ್ಲ. 1996ರಲ್ಲಿ ಅಲ್ಲಿ ಜನಕೀಯ ಯೋಜನೆ ಶುರುವಾದಾಗ ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟು, ಜೊತೆಗೇ ಮೇಷ್ಟ್ರುಗಳು, ನಿವೃತ್ತ ಎಂಜಿನಿಯರುಗಳು, ಕಾಲೇಜು ಹುಡುಗರು ಹೀಗೆ ಸಾವಿರಾರು ಸಾಮಾನ್ಯರನ್ನು ಕೂರಿಸಿ ಯೋಜನೆ ಬರೆಯುವುದನ್ನು ಕಲಿಸಿದರು. ಬೆಂಗಳೂರಿನಲ್ಲಿ ಬಿ.ಪ್ಯಾಕ್ ಸಂಸ್ಥೆಯವರು ವಾರ್ಡ್ ಮುಖಂಡರಾಗಬಯಸುವವರಿಗೆ 'ಬಿ.ಕ್ಲಿಪ್' ಎಂಬ ತಿಂಗಳುಗಟ್ಟಲೆಯ ತರಬೇತಿ ನಡೆಸುತ್ತಾರೆ. ಅದು ಪಟ್ಟಣದ ಮಾತು, ಬಿಡಿ.

ನನಗೆ ಹಿಡಿಸಿದ್ದು ಕುಂದಾಪುರ ಸೀಮೆಯ ಕಥೆ. ಅಲ್ಲಿ ದುಡಿಯುವ ಮಕ್ಕಳ 'ಭೀಮಸಂಘ' ಮತ್ತು ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ ಸೇರಿ 1990ರ ದಶಕದಲ್ಲಿ 'ಮಕ್ಕಳ ಪಂಚಾಯತ್' ಕಟ್ಟಿದರು. ದನ ಕಾಯುವ, ಹೋಟೆಲಿನಲ್ಲಿ ಲೋಟ ತೊಳೆದ ಮಕ್ಕಳು ತಮ್ಮಲ್ಲೇ ಚುನಾವಣೆ ಮಾಡಿಕೊಂಡರು, ಊರಿನ ನಕ್ಷೆ ಬರೆದರು, ಸಮೀಕ್ಷೆ ಮಾಡಿದರು. ಮಳೆಗಾಲದಲ್ಲಿ ಶಾಲೆಗೆ ಹೋಗಲು ತೋಡಿಗೆ ಕಾಲುಸಂಕ ಬೇಕು ಎನ್ನುವುದನ್ನು ಅಂಕಿ-ಸಂಖ್ಯೆ ಸಮೇತ ದೊಡ್ಡವರ ಮುಂದೆ ಇಟ್ಟರು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಯಬೇಕೆಂದು ಸುತ್ತೋಲೆ ಹೊರಡಿಸಿತು. ಇವತ್ತು ಮೈಕ್ ಹಿಡಿದ ಆರನೇ ತರಗತಿಯ ಹುಡುಗಿ "ಶೌಚಾಲಯಕ್ಕೆ ನೀರಿಲ್ಲ ಸರ್" ಅಂದರೆ ಪಿಡಿಒ ಅದನ್ನು ಬರೆದುಕೊಳ್ಳಲೇಬೇಕು. ಅವಳಪ್ಪ ಅದೇ ಪಂಚಾಯಿತಿಯ ಮೆಟ್ಟಿಲು ಹತ್ತಲು ಅಳುಕುತ್ತಾನೆ.

ದೊಡ್ಡವರ ಗ್ರಾಮಸಭೆ ಹೇಗಿರುತ್ತದೆ ಅಂತ ನೀವು ಬಲ್ಲಿರಿ. ಶಾಮಿಯಾನ, ಬಾಡಿಗೆ ಕುರ್ಚಿ, ಬಾಗಿಲಲ್ಲೇ ಹಾಜರಿ ಪುಸ್ತಕ. ಸಹಿ ಮಾಡಿದರೆ ಒಂದು ಲೋಟ ಟೀ, ಎರಡು ಬಿಸ್ಕತ್ತು. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು ಎಂಬುದು ಕಾಯ್ದೆ. ಕೋರಂ ತುಂಬುವುದು ಪುಸ್ತಕದಲ್ಲಿ. ಟೀ ಮುಗಿಯುವಷ್ಟರಲ್ಲಿ ಹಿಂದಿನ ಸಾಲು ಖಾಲಿ. ಆಮೇಲೆ ಇಲಾಖೆಯ ಅಧಿಕಾರಿಗಳು ಒಬ್ಬೊಬ್ಬರಾಗಿ ಎದ್ದು ಯೋಜನೆಗಳ ಹೆಸರು ಓದುತ್ತಾರೆ. ಮನೆ ಹಂಚಿಕೆಯ ಫಲಾನುಭವಿ ಪಟ್ಟಿ ಬರುವಾಗ ಮಾತ್ರ ಸಭೆಗೆ ಜೀವ ಬರುತ್ತದೆ, ಜೊತೆಗೆ ಜಗಳವೂ. ಪಟ್ಟಿ ಆಯ್ಕೆ ಆಗಬೇಕಾದದ್ದು ಆ ಸಭೆಯಲ್ಲೇ ಹೊರತು ಯಾರದೋ ಮನೆಯ ಪಡಸಾಲೆಯಲ್ಲಲ್ಲ ಎಂಬುದು ಗೊತ್ತಿದ್ದವರು ಕಡೆತನಕ ಕೂರುತ್ತಾರೆ. ಗೊತ್ತಿಲ್ಲದವರು ಟೀ ಕುಡಿದು ಹೊಲಕ್ಕೆ ಹೋಗುತ್ತಾರೆ. ಉಚಿತ ಪಾಠ ಬೇಕಿರುವುದು ಇವರಿಗೆ.

ಏನು ಕಲಿಸಬೇಕು? ಕಾಯ್ದೆಯ ಪುಸ್ತಕ ಬಿಚ್ಚುವುದು ಬೇಡ. ಮೊದಲ ದಿನ ಕಂದಾಯದ ರಸೀದಿ ಓದುವುದು. ಇನ್ನೊಂದು ದಿನ ಠರಾವು ಅಂದರೇನು ಎಂಬುದು: ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ನಡಾವಳಿ ಪುಸ್ತಕದಲ್ಲಿ ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಹಾಗಾಗಿ "ಚರಂಡಿ ಮಾಡಿಸಿಕೊಡಿ" ಎನ್ನುವ ಬದಲು "ಕ್ರಿಯಾಯೋಜನೆಗೆ ಸೇರಿಸಿ, ಠರಾವು ಸಂಖ್ಯೆ ಹೇಳಿ" ಎಂದು ಕೇಳುವ ಅಭ್ಯಾಸವಾಗಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದಾಗಿತ್ತು. ಅದು ತಿಳಿದಿದ್ದರೆ ನಲ್ಲಿಯಲ್ಲಿ ನೀರು ಬಾರದ ಕೇರಿಯವರು "ದುಡ್ಡಿಲ್ಲ" ಎಂಬ ಉತ್ತರ ಕೇಳಿ ಸುಮ್ಮನೆ ವಾಪಸಾಗುತ್ತಿರಲಿಲ್ಲ.

ಮತ್ತೊಂದು ದಿನ ಜಮಾಬಂದಿಗೆ ಮೀಸಲಿಡಬೇಕು. ಹಿಂದಿನ ವರ್ಷ ಬಂದದ್ದೆಷ್ಟು, ಹೋದದ್ದೆಲ್ಲಿಗೆ ಎಂದು ಜನರ ಮುಂದೆ ಓದಿ ಹೇಳಿ, ಆದ ಕಾಮಗಾರಿಯನ್ನು ನಿಂತು ತೋರಿಸುವ ಸಭೆ ಅದು. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯಬೇಕು. ಜಾತ್ರೆಯ ದಿನ ಬಾಯಿಪಾಠ ಇರುವ ಊರಿಗೆ ಈ ತಾರೀಕು ಗೊತ್ತಿರುವುದಿಲ್ಲ.

ಪಾಠ ಹೇಳುವವರು ಹಳಬರಾದರೂ ಒಂದು ಪ್ರಶ್ನೆಗೆ ತಡವರಿಸುತ್ತಾರೆ: ಪಂಚಾಯಿತಿ ಮೇಲೆ ತಾಲ್ಲೂಕು ಪಂಚಾಯಿತಿ, ಅದರ ಮೇಲೆ ಜಿಲ್ಲಾ ಪಂಚಾಯಿತಿ ಅಂತೀರಲ್ಲ, ನಮ್ಮ ಸದಸ್ಯರು ಯಾರು? 2021ರಲ್ಲಿ ಅವಧಿ ಮುಗಿದ ಮೇಲೆ ಅವಕ್ಕೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ಮೂರು ಅಂತಸ್ತಿನ ಮನೆ ಕಟ್ಟಿ ಮೇಲಿನ ಎರಡಕ್ಕೆ ಬೀಗ ಹಾಕಿದ ಹಾಗೆ. ಇದನ್ನು ಕೇಳಿಸಿಕೊಂಡವರು ಸಿಟ್ಟಾದರೆ ಆಗಲಿ, ಸಿಟ್ಟೂ ಪಠ್ಯದ ಭಾಗವೇ.

ಜಾಗ ಎಲ್ಲಿ, ಫೀಸು ಎಷ್ಟು ಎಂದು ಕೇಳುವಿರಿ. 2019ರಲ್ಲಿ ಹಳ್ಳಿಗಳ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಅವುಗಳ ಹೆಸರು 'ಅರಿವು ಕೇಂದ್ರ'. ಬೆಂಚು, ಫ್ಯಾನು, ಲೈಟು, ಪೇಪರು ಇರುವ ಕೋಣೆ. ಭಾನುವಾರ ಸಂಜೆ ಎರಡು ತಾಸು ಸಾಕು; ನಿವೃತ್ತ ಮೇಷ್ಟ್ರು, ಮಾಜಿ ಸದಸ್ಯೆ, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹುಡುಗಿ ಇವರೇ ಗುರುಗಳು. ಫೀಸನ್ನು ನೂರಕ್ಕೆ ಆರು ರೂಪಾಯಿಯಂತೆ ನೀವು ಆಗಲೇ ಕಟ್ಟಿದ್ದೀರಿ, ರಸೀದಿ ರೇಷನ್ ಕಾರ್ಡಿನ ಕವರಿನಲ್ಲಿದೆ. ಅದನ್ನು ಹಿಡಿದು ಹೋಗಿ ಕೋಣೆಯ ಬೀಗದ ಕೈ ಕೇಳಿ.