ಹಾಡು ನಡುವೆ ಹಾರುವುದೇಕೆ?

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕೆಲವರು ಹಳೆಯ ಸಿ.ಡಿ.ಗಳನ್ನು ಇನ್ನೂ ಜೋಪಾನವಾಗಿಟ್ಟಿದ್ದಾರೆ. ಊರಿನ ಮದುವೆಯ ಹಾಡು, ತೀರಿಕೊಂಡ ಹಿರಿಯರ ದನಿ, ಈಗ ಅಂಗಡಿಯಲ್ಲಿ ಸಿಗದ ಯಕ್ಷಗಾನ ಪ್ರಸಂಗ ಇಂಥವು ಅವುಗಳಲ್ಲಿವೆ. ಕೈಯಲ್ಲಿ ಒಯ್ಯುವ ಪ್ಲೇಯರಿನಲ್ಲಿ ಹಾಡು ತಡವರಿಸಿದೊಡನೆ ಸಿ.ಡಿ. ಕೆಟ್ಟಿತೆಂದು ಎಸೆದುಬಿಡುವವರುಂಟು. ತಪ್ಪು ಯಂತ್ರದ್ದು, ಶಿಕ್ಷೆ ತಟ್ಟೆಗೆ ಎಂದಾಗಬಾರದು. ಆದುದರಿಂದ ಇದರ ಮರ್ಮವನ್ನು ನಾಲ್ಕು ಮಾತಿನಲ್ಲಿ ತಿಳಿಸುತ್ತೇವೆ.

ಗ್ರಾಮಫೋನಿನ ಮುಳ್ಳಿಗೆ ತಟ್ಟೆಯ ಗೆರೆಯೇ ದಾರಿ ತೋರಿಸುತ್ತದೆ. ಸಿ.ಡಿ.ಯಲ್ಲಿ ಅಂಥ ಆಸರೆಯಿಲ್ಲ. ಅದರಲ್ಲಿ ಅತಿ ಸಣ್ಣ ಗುರುತುಗಳ ಸಾಲೊಂದು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ 1.6 ಪಾಲು ಮಾತ್ರ. ಲೇಸರ್ ಕಿರಣವು ಈ ಸಾಲನ್ನು ಮುಟ್ಟದೆಯೇ ಓದುತ್ತದೆ. ಕಿರಣವನ್ನು ಒಂದೆಡೆ ಕೂಡಿಸುವ ಪುಟ್ಟ ಮಸೂರವನ್ನು ವಿದ್ಯುತ್ ಸುರುಳಿಗಳು ಕ್ಷಣಕ್ಷಣವೂ ಮೇಲೆ ಕೆಳಗೆ, ಅತ್ತ ಇತ್ತ ಸರಿಸಿ ಸಾಲಿನ ಮೇಲೆ ನಿಲ್ಲಿಸುತ್ತವೆ. ಈ ಹಿಡಿತ ತಪ್ಪಿದಾಗ ಹಾಡು ಹಾರುತ್ತದೆ.

ತಪ್ಪಲು ಕಾರಣವೇನೆಂದು ಮನೆಯಲ್ಲೇ ಪರೀಕ್ಷಿಸಬಹುದು. ಪ್ಲೇಯರನ್ನು ಮೇಜಿನ ಮೇಲಿಟ್ಟು, ಹೊಸ ಬ್ಯಾಟರಿ ಹಾಕಿ, ಎರಡು ಮೂರು ಸಿ.ಡಿ.ಗಳನ್ನು ನುಡಿಸಿ ನೋಡಿರಿ.

ಒಂದೇ ಸಿ.ಡಿ. ಪ್ರತಿಸಲವೂ ಒಂದೇ ಕಡೆ ಹಾರಿದರೆ ಕೊಳೆಯೋ ಗೀರೋ ಇದೆಯೆಂದು ತಿಳಿಯಬೇಕು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿರಿ. ಸುತ್ತು ಹಾಕಿ ಒರೆಸಬೇಡಿರಿ. ಸಾಲಿಗೆ ಅಡ್ಡವಾದ ಗೀರಿನಿಂದ ಅಳಿದುದನ್ನು ಯಂತ್ರವು ಲೆಕ್ಕಹಾಕಿ ತುಂಬಿಕೊಳ್ಳಬಲ್ಲದು. ಸಾಲಿನುದ್ದಕ್ಕೂ ಬಿದ್ದ ಗೀರು ಅದಕ್ಕೆ ಎಟುಕದು. ಹೆಸರು ಬರೆದ ಮೇಲ್ಮೈಯನ್ನಂತೂ ಕೆರೆಯಲೇಬಾರದು. ಹೊಳೆಯುವ ಲೋಹದ ಪೊರೆ ಅದರ ಕೆಳಗೇ ಇದೆ.

ಮೇಜಿನ ಮೇಲೆ ಸರಿಯಾಗಿ ನುಡಿದು, ನಡೆಯುವಾಗಲೋ ರೈಲಿನಲ್ಲೋ ಮಾತ್ರ ಹಾರಿದರೆ ಅದು ಕುಲುಕಾಟದ ಫಲ. ಸೋನಿ ಕಂಪೆನಿಯ ಮೊದಲ ಕೈ-ಪ್ಲೇಯರು 1984ರಲ್ಲಿ ಬಂದಾಗ ಇದಕ್ಕೆ ತಡೆಯಿರಲಿಲ್ಲ. ಅನಂತರದ ಹಲವು ಯಂತ್ರಗಳು 10 ಅಥವಾ 40 ಸೆಕೆಂಡಿನ ಹಾಡನ್ನು ಮುಂಗಡವಾಗಿ ಓದಿ ಕೂಡಿಟ್ಟುಕೊಳ್ಳುತ್ತವೆ. ಆ ಗುಂಡಿಯನ್ನು ಒತ್ತಿ ಇಡಬೇಕು. ಕುಲುಕಾಟ ಎಡೆಬಿಡದೆ ನಡೆದರೆ ಕೂಡಿಟ್ಟದ್ದೂ ಖರ್ಚಾಗುತ್ತದೆ.

ಎಲ್ಲ ಸಿ.ಡಿ.ಗಳೂ ಮೇಜಿನ ಮೇಲೆಯೇ ಹಾರಿದರೆ ಮಸೂರದ ಮೇಲೆ ಧೂಳು ಕೂತಿರಬಹುದು. ಬ್ಯಾಟರಿ ತೆಗೆದು, ರಬ್ಬರ್ ಬುರುಡೆಯಿಂದ ಗಾಳಿ ಊದಿರಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಯಂತ್ರ ನಡೆಯುವಾಗ ಮಸೂರದೊಳಗೆ ಇಣುಕಬಾರದು. ಆ ಕಿರಣ ಕಣ್ಣಿಗೆ ಅಪಾಯಕರ. ಇಷ್ಟಕ್ಕೂ ಸರಿಹೋಗದಿದ್ದರೆ ರಿಪೇರಿಯವರಿಗೆ ತೋರಿಸಬೇಕು.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಬರೆಸಿದ ಸಿ.ಡಿ.ಯ ಒಳಗಿನ ಬಣ್ಣ ಬಿಸಿಲಿಗೆ ಮಾಸುತ್ತದೆ. ಕೈ-ಪ್ಲೇಯರಿನಲ್ಲಿ ಹಾರುವ ಸಿ.ಡಿ. ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುವುದುಂಟು. ಓಡಿದ ದಿನವೇ ಪ್ರತಿ ಮಾಡಿಟ್ಟುಕೊಳ್ಳಿರಿ. ಯಂತ್ರ ಇನ್ನೊಂದು ಸಿಕ್ಕೀತು. ಹೋದ ದನಿ ಮರಳಿ ಬಾರದು.