ಗಣಕಯಂತ್ರದ ಜ್ವರ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಶಾಖ, ವೋಲ್ಟೇಜು ಇವುಗಳ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಈಗ ಪ್ರಬಂಧ ಬರೆಯುವವನಿಗೂ, ಕಾಲೇಜಿನ ನಾಟಕದ ಚಿತ್ರವನ್ನು ಕತ್ತರಿಸಿ ಜೋಡಿಸುವವನಿಗೂ ಗಣಕಯಂತ್ರವೇ ಗತಿ. ಅದರಲ್ಲಿಯೂ ಬೇರೊಬ್ಬರು ಬಳಸಿ ಬಿಟ್ಟ ಯಂತ್ರವನ್ನು ಅಗ್ಗಕ್ಕೆ ಕೊಂಡ ವಿದ್ಯಾರ್ಥಿಗೆ, ಅದನ್ನು ಇನ್ನಷ್ಟು ವೇಗವಾಗಿ ಓಡಿಸಬೇಕೆಂಬ ಆಸೆ ಒಂದಲ್ಲ ಒಂದು ದಿನ ಹುಟ್ಟದೆ ಇರದು. ಆ ಆಸೆಗೆ ತೆರಬೇಕಾದ ಸುಂಕವೇ ಶಾಖ.

ಯಂತ್ರದ ಮಿದುಳೆನಿಸಿದ ಪ್ರೋಸೆಸರು ಒಂದು ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಈ ತಾಳಕ್ಕೆ ಕ್ಲಾಕ್ ಎಂದು ಹೆಸರು. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ಮಿಡಿತ. ತಯಾರಕರು ನಿಗದಿ ಮಾಡಿದ ವೇಗವನ್ನು ಮೀರಿ ತಾಳವನ್ನು ಚುರುಕುಗೊಳಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಇಂಟೆಲ್ ಕಂಪನಿಯವರು ಸೆಲೆರಾನ್ 300ಎ ಎಂಬ ಅಗ್ಗದ ಪ್ರೋಸೆಸರೊಂದನ್ನು ಹೊರತಂದರು. 66 ಮೆಗಾಹರ್ಟ್ಸಿನ ಮೂಲ ತಾಳವನ್ನು ನಾಲ್ಕೂವರೆ ಪಟ್ಟು ಮಾಡಿಕೊಂಡು ಅದು 300ರಲ್ಲಿ ಓಡುತ್ತಿತ್ತು. ಮೂಲ ತಾಳವನ್ನು 100ಕ್ಕೆ ಏರಿಸಿದ್ದೇ ತಡ, 450ರಲ್ಲಿ ಓಡತೊಡಗಿತು! ಅರ್ಧಪಾಲು ವೇಗ ಪುಕ್ಕಟೆಯಾಗಿ ದೊರೆತಂತಾಯಿತು. ಅಂದಿನಿಂದ ಈ ಹವ್ಯಾಸದವರ ಬಾಯಲ್ಲಿ ಆ ಹೆಸರು ದಂತಕಥೆಯಾಗಿಬಿಟ್ಟಿದೆ.

ಇನ್ನು ಶಾಖದ ವಿಚಾರ. ಪ್ರೋಸೆಸರಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಪ್ರತಿ ಮಿಡಿತಕ್ಕೂ ಇವುಗಳಲ್ಲಿ ಹಲವು ವಿದ್ಯುತ್ತನ್ನು ತುಂಬಿಕೊಳ್ಳುತ್ತವೆ, ಬರಿದು ಮಾಡುತ್ತವೆ. ಎತ್ತು ಗಾಡಿಯನ್ನೆಳೆದರೆ ಹೊರೆ ಊರು ಸೇರುತ್ತದೆ. ಪ್ರೋಸೆಸರು ಲೆಕ್ಕ ಮಾಡಿದರೆ ಉತ್ತರವೇನೋ ಬರುತ್ತದೆ, ಆದರೆ ಅದು ಉಂಡ ಶಕ್ತಿಯೆಲ್ಲ ಅಲ್ಲಿಯೇ ಬಿಸಿಯಾಗಿ ಉಳಿಯುತ್ತದೆ. ತಾಳ ಹೆಚ್ಚಿದಂತೆ ಶಾಖವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಇದು ಸಹಿಸಬಹುದಾದ ಮಾತು. ಆದರೆ ವೇಗ ಒಂದು ಮಿತಿಯನ್ನು ದಾಟಿದ ಮೇಲೆ ಟ್ರಾನ್ಸಿಸ್ಟರುಗಳು ತಪ್ಪದೆ ಕೆಲಸ ಮಾಡಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ನೂರಕ್ಕೆ 20ರಷ್ಟೂ, ವೋಲ್ಟೇಜನ್ನು ನೂರಕ್ಕೆ 10ರಷ್ಟೂ ಏರಿಸಿದೆವೆನ್ನಿ. ಶಾಖ ನೂರಕ್ಕೆ 45ರಷ್ಟು ಏರುತ್ತದೆ. ಸಾಲದುದಕ್ಕೆ, ಟ್ರಾನ್ಸಿಸ್ಟರು ಬಿಸಿಯಾದಷ್ಟೂ ಅದರಲ್ಲಿ ವಿದ್ಯುತ್ತಿನ ಸೋರಿಕೆ ಹೆಚ್ಚಿ, ಆ ಸೋರಿಕೆಯಿಂದ ಮತ್ತಷ್ಟು ಶಾಖ ಹುಟ್ಟುತ್ತದೆ.

ಈ ಶಾಖದ ಮೊತ್ತ ದೊಡ್ಡದಲ್ಲ. ಅದು ಹುಟ್ಟುವ ಸ್ಥಳ ಸಣ್ಣದು, ಅದೇ ತೊಡಕು. 1000 ವಾಟಿನ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರು. ಚದರ ಸೆಂಟಿಮೀಟರಿಗೆ 5 ವಾಟಾಯಿತು. ದೊಡ್ಡ ಪ್ರೋಸೆಸರೊಂದು ಎರಡೂವರೆ ಚದರ ಸೆಂಟಿಮೀಟರಿನ ಸಿಲಿಕಾನ್ ಹಲ್ಲೆಯಲ್ಲಿ 250 ವಾಟು ಉರಿಸುತ್ತದೆ. ಎಂದರೆ ಇಸ್ತ್ರಿ ಪೆಟ್ಟಿಗೆಯ ಇಪ್ಪತ್ತು ಪಟ್ಟು! ಆದರೂ ಅದು ಸುಮಾರು 100 ಡಿಗ್ರಿಯನ್ನು ಮೀರಕೂಡದು.

ಆದ್ದರಿಂದ ತಣಿಸುವುದೆಂದರೆ ತಂಪನ್ನು ಒಳಕ್ಕೆ ತುಂಬುವುದಲ್ಲ. ಸಾಸಿವೆಯಷ್ಟು ಜಾಗದಲ್ಲಿ ಹುಟ್ಟಿದ ಬಿಸಿಯನ್ನು ಕಂಬಳಿಯಷ್ಟು ಅಗಲಕ್ಕೆ ಹರಡಿ, ಗಾಳಿಗೆ ಒಪ್ಪಿಸುವುದು. ಪ್ರೋಸೆಸರಿನ ಮೇಲೆ ಒಂದು ಲೋಹದ ಮುಚ್ಚಳವಿದೆ, ಅದರ ಮೇಲೆ ಹೀಟ್‌ಸಿಂಕ್ ಎಂಬ ತೆಳು ರೆಕ್ಕೆಗಳ ಗೋಪುರ, ಅದಕ್ಕೆ ಬೀಸಣಿಗೆ. ಮುಚ್ಚಳವೂ ಗೋಪುರದ ತಳವೂ ಎಷ್ಟೇ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ಗುಂಡಿಗಳುಂಟು, ಗುಂಡಿಗಳಲ್ಲಿ ಗಾಳಿಯುಂಟು. ತಾಮ್ರಕ್ಕಿಂತ ಗಾಳಿ ಸುಮಾರು 15,000 ಪಟ್ಟು ಕೀಳಾದ ಶಾಖವಾಹಕ. ಈ ಗಾಳಿಯನ್ನು ಹೊರದೂಡುವುದಕ್ಕಾಗಿಯೇ ಅಲ್ಲಿ ಒಂದು ಬಗೆಯ ಲೇಪವನ್ನು ಹಚ್ಚುವುದು. ಲೇಪವೂ ತಾಮ್ರದ ಮುಂದೆ ತೀರ ಬಡವಾದುದರಿಂದ ಕಡಲೆ ಗಾತ್ರದಷ್ಟು ಸಾಕು. ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿಯುವುದು ಅನಾವಶ್ಯಕ.

ಇಲ್ಲಿ ನನ್ನ ಪೆದ್ದುತನವೊಂದನ್ನು ಹೇಳಿಬಿಡುತ್ತೇನೆ. ನನ್ನ ಯಂತ್ರದಲ್ಲಿರುವುದು 2018ರಲ್ಲಿ ಬಂದ ರೈಜನ್ 5 2600. ಅದನ್ನು 1.35 ವೋಲ್ಟಿನಲ್ಲಿ 4 ಗಿಗಾಹರ್ಟ್ಸಿಗೆ ಏರಿಸಿದೆ. ಭಾರವಾದ ಕೆಲಸ ಕೊಟ್ಟ ಕೆಲವೇ ನಿಮಿಷಗಳಲ್ಲಿ ಉಷ್ಣತೆ 95 ಡಿಗ್ರಿ ಮುಟ್ಟಿ, ಪ್ರೋಸೆಸರು ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಂಡಿತು. ಓಡಲೆಂದು ಚಾಟಿ ಬೀಸಿದ ಕುದುರೆ ಕುಂಟಿದಂತಾಯಿತು. ಎರಡು ತಿಂಗಳು ಕಾಫಿಯ ಕಾಸನ್ನು ಉಳಿಸಿ ದೊಡ್ಡ ಗೋಪುರವೊಂದನ್ನು ತಂದು ಕೂರಿಸಿದರೆ, ಉಷ್ಣತೆ ಇಳಿಯಲೇ ಇಲ್ಲ! ಲೇಪವನ್ನು ದೂರಿದೆ, ಬೀಸಣಿಗೆಯನ್ನು ದೂರಿದೆ. ಮೂರನೆಯ ದಿನ ಬಿಚ್ಚಿ ನೋಡುವಾಗ, ಗೋಪುರದ ತಳಕ್ಕೆ ಅಂಟಿಸಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾನು ಕೀಳದೆಯೇ ಕೂರಿಸಿದ್ದುದು ತಿಳಿಯಿತು. ‘ಬಳಸುವ ಮೊದಲು ತೆಗೆಯಿರಿ’ ಎಂದು ಅದರ ಮೇಲೆಯೇ ಮುದ್ರಿಸಿತ್ತು. ಕಿತ್ತ ಮೇಲೆ ಅದೇ ಕೆಲಸಕ್ಕೆ 72 ಡಿಗ್ರಿ.

ಆ ಗೋಪುರದಲ್ಲಿ ತಾಮ್ರದ ಕೊಳವೆಗಳಿರುತ್ತವೆ. ಇವು ಗಟ್ಟಿ ಸರಳುಗಳೆಂದು ಬಹುಮಂದಿ ತಿಳಿದಿದ್ದಾರೆ. ವಾಸ್ತವವಾಗಿ ಇವು ಪೊಳ್ಳು. ಒಳಗಿನ ಗಾಳಿಯನ್ನು ಹೀರಿ ತೆಗೆದು, ತುಸು ನೀರನ್ನಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಮೆಯಾದುದರಿಂದ ನೀರು ಕಡಮೆ ಉಷ್ಣತೆಯಲ್ಲಿಯೇ ಆವಿಯಾಗಿ, ಬಿಸಿಯನ್ನು ಹೊತ್ತು ತಣ್ಣನೆಯ ತುದಿಗೆ ಧಾವಿಸಿ, ಅಲ್ಲಿ ಮತ್ತೆ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಒಳಗೋಡೆಯ ಪದರ ಅದನ್ನು ಹಿಂದಕ್ಕೆ ಎಳೆದು ತರುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಎಂಬವರು ರೂಪಿಸಿದ ಸಾಧನವಿದು. ಇದಕ್ಕೆ ಮೋಟಾರು ಬೇಡ, ವಿದ್ಯುತ್ತು ಬೇಡ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ರಹಸ್ಯಕ್ಕೂ ಇದಕ್ಕೂ ನಂಟಿದೆ.

ಪಂಪಿನಿಂದ ನೀರನ್ನು ಹರಿಸಿ ತಣಿಸುವ ಏರ್ಪಾಡೂ ಉಂಟು. ನೀರೆಂದರೆ ತಂಪು ಎಂಬ ಭ್ರಮೆಯಿಂದ ಅದನ್ನು ಕೊಳ್ಳುವವರೇ ಹೆಚ್ಚು. ಆದರೆ ಆ ನೀರೂ ಕೊನೆಗೆ ತನ್ನ ಬಿಸಿಯನ್ನು ಕೋಣೆಯ ಗಾಳಿಗೇ ಕೊಡಬೇಕು; ಕೋಣೆಗಿಂತ ತಣ್ಣಗೆ ಅದು ಎಂದಿಗೂ ಆಗದು. ಬಿಸಿಯನ್ನು ದೂರದ ಅಗಲವಾದ ರೇಡಿಯೇಟರಿಗೆ ಸಾಗಿಸುವುದಷ್ಟೆ ಅದರ ಹೆಚ್ಚುಗಾರಿಕೆ. ನನ್ನ ಗೋಪುರವೂ ಹಾಗೆಯೆ: 72 ಡಿಗ್ರಿ ಬಂದುದು ಕೋಣೆ 30 ಡಿಗ್ರಿ ಇದ್ದಾಗ. ರಾಯಚೂರಿನ ಮೇ ತಿಂಗಳಿನಲ್ಲಿ 40 ಡಿಗ್ರಿಯ ಕೋಣೆಯಲ್ಲಿ ಅದೇ ಯಂತ್ರವನ್ನಿಟ್ಟರೆ 82 ಎಂದು ಓದಿಕೊಳ್ಳಬೇಕು.

ಕೋಣೆಯ ಉಷ್ಣತೆಯನ್ನು ಮೀರಿ ಇಳಿಯಬೇಕೆನ್ನುವ ಸಾಹಸಿಗಳು ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿಯುವ ದ್ರವ ಸಾರಜನಕವನ್ನು ಸುರಿಯುತ್ತಾರೆ. 2011ರಲ್ಲಿ ಎಎಂಡಿ ಕಂಪನಿಯ ಪ್ರೋಸೆಸರೊಂದನ್ನು ಅದಕ್ಕಿಂತಲೂ ತಣ್ಣನೆಯ ದ್ರವ ಹೀಲಿಯಮಿನ ನೆರವಿನಿಂದ 8.429 ಗಿಗಾಹರ್ಟ್ಸಿಗೆ ಏರಿಸಿ ಗಿನ್ನೆಸ್ ದಾಖಲೆ ಮಾಡಿದರು. ಗಾಳಿಯ ತೇವವೆಲ್ಲ ಸುತ್ತಲಿನ ಭಾಗಗಳ ಮೇಲೆ ಇಬ್ಬನಿಯಾಗಿ ಕೂರುವುದರಿಂದ ಮುಂಚಿತವಾಗಿಯೇ ಎಲ್ಲವನ್ನೂ ಮುಚ್ಚಿ ಕಾಪಾಡಬೇಕು. ಅದು ಕೆಲವು ನಿಮಿಷಗಳ ಜಾತ್ರೆ. ಓದಿನ ಮೇಜಿನ ಮೇಲೆ ನಡೆಯುವ ಸಂಸಾರವಲ್ಲ.

ನನಗೆ ನಿಜವಾಗಿ ಉಪಕಾರ ಮಾಡಿದ್ದು ಗೋಪುರಕ್ಕಿಂತ ಹೆಚ್ಚಾಗಿ ಕೂಡಿಸಿ ಕಳೆಯುವ ಲೆಕ್ಕ. ವೇಗವನ್ನು 4ರಿಂದ 3.9ಕ್ಕೆ ಇಳಿಸಿದಾಗ 1.25 ವೋಲ್ಟೇ ಸಾಕಾಯಿತು. ವೇಗದಲ್ಲಿ ನೂರಕ್ಕೆ ಎರಡೂವರೆಯಷ್ಟು ನಷ್ಟ. ಶಾಖದಲ್ಲಿ ನೂರಕ್ಕೆ ಸುಮಾರು 16ರಷ್ಟು ಉಳಿತಾಯ. ಉಷ್ಣತೆ 65ಕ್ಕೆ ಇಳಿಯಿತು, ಬೀಸಣಿಗೆಯ ಗದ್ದಲವೂ ಅಡಗಿತು. ಇಂಥ ಬದಲಾವಣೆಯ ನಂತರ ಯಂತ್ರಕ್ಕೆ ಒಂದು ಗಂಟೆಯಾದರೂ ಭಾರವಾದ ಕೆಲಸ ಕೊಟ್ಟು ಪರೀಕ್ಷಿಸದೆ ನಂಬಬಾರದು. ವೋಲ್ಟೇಜು ಸಾಲದಿದ್ದರೆ ಪ್ರಬಂಧದ ನಡುವೆ ಯಂತ್ರ ನಿಂತುಹೋಗುತ್ತದೆ.

ಧೂಳಿನ ಮಾತೊಂದು ಉಳಿಯಿತು. ಗೋಪುರದ ರೆಕ್ಕೆಗಳ ನಡುವೆ ಹತ್ತಿಯಂತಹ ಧೂಳು ಕಟ್ಟಿಕೊಂಡರೆ ಮೇಲಿನ ಲೆಕ್ಕಗಳೆಲ್ಲ ತಲೆಕೆಳಗಾಗುತ್ತವೆ. ಎರಡು ತಿಂಗಳಿಗೊಮ್ಮೆ ವಿದ್ಯುತ್ತಿನ ತಂತಿಯನ್ನು ಕಿತ್ತು, ಬೀಸಣಿಗೆಯನ್ನು ಬೆರಳಿನಿಂದ ತಡೆಹಿಡಿದು, ಒಣಗಿದ ಮೆತ್ತನೆಯ ಕುಂಚದಿಂದ ಗುಡಿಸಬೇಕು.