ಪೌರಸಭೆಯ ಚುನಾವಣೆ: ಫಲವೂ ಫಲಿತಾಂಶವೂ

ಚುನಾವಣೆಯ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ದಿಲ್ಲಿಯ ಚರ್ಚೆ ನಡೆಯುವದು, ಬೆಂಗಳೂರಿನ ಚರ್ಚೆ ನಡೆಯುವದು. ಆದರೆ ಮನೆಯ ಮುಂದಿನ ಗಟಾರವನ್ನು ಬಳಿಸುವ, ನಳಕ್ಕೆ ನೀರು ಬಿಡಿಸುವ, ಓಣಿಯ ದೀಪ ಹಚ್ಚಿಸುವ ಸಭೆಗೆ ಯಾರು ಆರಿಸಿ ಬಂದರೆಂಬುದನ್ನು ಗುಲಾಲು ತೊಳೆದುಹೋಗುವವರೆಗೆ ಮಾತ್ರ ನೆನಪಿಡುವೆವು. ಹಾಗೆ ಆರಿಸಿ ಬಂದವರು ಮುಂದೆ ಸಭೆಯಲ್ಲಿ ಕುಳಿತರೋ ಇಲ್ಲವೋ ಎಂದು ವಿಚಾರಿಸುವವರಂತೂ ತೀರ ವಿರಳ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂರುಗಳ 2018ನೆಯ ಇಸವಿಯ ಚುನಾವಣೆಯನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡಬೇಕೆಂದು ನಾವು ಬಗೆದಿರುವೆವು.

ಊರಿನ ಆಡಳಿತವನ್ನು ಊರವರೇ ನಡೆಸಬೇಕೆಂಬ ಮಾತು ನಮ್ಮ ಭಾಗಕ್ಕೆ ಹೊಸದಲ್ಲ. ಗೋಕಾಕವು ಮುಂಬಯಿ ಇಲಾಖೆಯಲ್ಲಿದ್ದಾಗ, ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಲ್ಲಿ ಮ್ಯುನಿಸಿಪಾಲಿಟಿ ಇದ್ದಿತು. 1882ರ ಮೇ ತಿಂಗಳಿನಲ್ಲಿ ಲಾರ್ಡ್ ರಿಪನ್ ಸಾಹೇಬರು ಸ್ಥಾನಿಕ ಸ್ವರಾಜ್ಯದ ಪ್ರಸಿದ್ಧ ನಿರ್ಣಯವನ್ನು ಹೊರಡಿಸಿದ ತರುವಾಯ ಇಂಥ ಸಭೆಗಳಲ್ಲಿ ಚುನಾಯಿತರಾದ ಸಭಾಸದರ ಸಂಖ್ಯೆ ಬೆಳೆಯುತ್ತ ಬಂದಿತು. ಆಗ ಮತದ ಹಕ್ಕು ಕರ ಕೊಡುವ ಕೆಲವರಿಗೆ ಮಾತ್ರ. ಇಂದು ಹದಿನೆಂಟು ವರ್ಷ ತುಂಬಿದ ಪ್ರತಿಯೊಬ್ಬ ಸ್ತ್ರೀಪುರುಷರಿಗೂ ಅದು ಉಂಟು. ಮೇಲಾಗಿ 1993ರ ಜೂನ್ ಒಂದರಿಂದ ಜಾರಿಗೆ ಬಂದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಇಂಥ ಸಭೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟು, ಮೂರರಲ್ಲಿ ಒಂದಂಶಕ್ಕೆ ಕಡಿಮೆಯಿಲ್ಲದಂತೆ ಸ್ತ್ರೀಯರಿಗೆ ಮೀಸಲಿರಿಸಿತು. ಗೃಹಿಣಿಯರು ಈ ಮಾತನ್ನು ಗಮನಿಸತಕ್ಕದ್ದು. ನೀರಿನ ಕಷ್ಟವನ್ನು ಬಲ್ಲವರು ಕೊಡ ಹೊರುವವರೇ ಅಲ್ಲವೆ?

1964ರ ಕರ್ನಾಟಕದ ಪೌರಸಭೆಗಳ ಕಾಯಿದೆಯ ಮೇರೆಗೆ ಐವತ್ತು ಸಾವಿರಕ್ಕೆ ಮೇಲ್ಪಟ್ಟ ಊರಿಗೆ ನಗರಸಭೆ, ಅದಕ್ಕೆ ಕಡಿಮೆಯಾಗಿ ಇಪ್ಪತ್ತು ಸಾವಿರದವರೆಗಿನ ಊರಿಗೆ ಪುರಸಭೆ. 2011ರ ಜನಗಣತಿಯಲ್ಲಿ ಗೋಕಾಕದ ಜನಸಂಖ್ಯೆ ಸುಮಾರು 79 ಸಾವಿರ. ಆದುದರಿಂದ ಅಲ್ಲಿ 31 ವಾರ್ಡುಗಳ ನಗರಸಭೆ ಇದ್ದಿತು; ಮೂಡಲಗಿ, ಹುಕ್ಕೇರಿಗಳಲ್ಲಿ 23 ವಾರ್ಡುಗಳ ಪುರಸಭೆಗಳು. ಒಂದು ವಾರ್ಡೆಂದರೆ ಗೋಕಾಕದಲ್ಲಿ ಎರಡೂವರೆ ಸಾವಿರ ಜನ. ಇಷ್ಟು ಚಿಕ್ಕ ಕ್ಷೇತ್ರದಲ್ಲಿ ಉಮೇದುವಾರನ ಅಜ್ಜನ ಹೆಸರು ಸಹ ಮತದಾರರಿಗೆ ಗೊತ್ತಿರುವದು. ಒಂದು ಲಗ್ನಕ್ಕೆ ಬಂದ, ಒಂದು ಮಣ್ಣಿಗೆ ಬಾರದ ಲೆಕ್ಕವೂ ಮತಯಂತ್ರದ ಗುಂಡಿಯ ಮೇಲೆ ಬೀಳುವದು.

ರಾಜ್ಯದ ನೂರಕ್ಕೂ ಮಿಕ್ಕಿದ ಊರುಗಳ ಜತೆಗೆ ಈ ಮೂರೂರುಗಳಲ್ಲಿ ಮತದಾನವಾದುದು 2018ರ ಆಗಸ್ಟ 31ರಂದು. ಎಣಿಕೆ ಸೆಪ್ಟೆಂಬರ 3ರಂದು. ರಾಜ್ಯದ ಒಟ್ಟು ಲೆಕ್ಕದಲ್ಲಿ ಕಾಂಗ್ರೆಸ್ಸಿಗೆ 982, ಭಾರತೀಯ ಜನತಾ ಪಕ್ಷಕ್ಕೆ 929, ಜಾತ್ಯತೀತ ಜನತಾದಳಕ್ಕೆ 375, ಪಕ್ಷೇತರರಿಗೆ 329 ಸ್ಥಾನಗಳು ದೊರೆತವು. ಬೆಳಗಾವಿ ಜಿಲ್ಲೆಯಲ್ಲಿಯಾದರೋ ಪಕ್ಷೇತರರು ವಿಶೇಷವಾಗಿ ಗೆದ್ದರು. ಇದು ಹೊರಗಿನವರಿಗೆ ಸೋಜಿಗವೆನಿಸೀತು, ನಮಗಲ್ಲ. ಗೋಕಾಕದ ಸೀಮೆಯಲ್ಲಿ ಜಾರಕಿಹೊಳಿ ಮನೆತನದ ಸಹೋದರರು ಬೇರೆ ಬೇರೆ ಪಕ್ಷಗಳಿಂದ ಶಾಸಕರಾದವರು. ಹುಕ್ಕೇರಿಯಲ್ಲಿ ಕತ್ತಿ ಮನೆತನದ ವರ್ಚಸ್ಸು ದೊಡ್ಡದು. ಇಲ್ಲಿ ಮತದಾರನು ಚಿಹ್ನೆಗಿಂತ ಮೊದಲು ಮನುಷ್ಯನನ್ನು, ಅವನ ಬೆನ್ನಿಗಿರುವ ಮನೆಯನ್ನು ನೋಡುವನು. ಪಕ್ಷದ ಚಿಹ್ನೆಯ ಮೇಲೆ ಗೆದ್ದವನು ಪಕ್ಷದ ಆಜ್ಞೆಯನ್ನು ಮೀರಿದರೆ 1987ರ ಪಕ್ಷಾಂತರ ನಿಷೇಧದ ಕಾಯಿದೆಯಂತೆ ಸ್ಥಾನಕ್ಕೆ ಎರವಾಗಬಹುದು. ಪಕ್ಷೇತರನಿಗೆ ಆ ಕಟ್ಟಿಲ್ಲ. ಹೀಗಾಗಿ ಅಧ್ಯಕ್ಷರನ್ನು ಆರಿಸುವ ದಿನ ಅವನ ಬೆಲೆ ಹೆಚ್ಚುವದು. ಆ ದಿನ ಶಾಸಕರಿಗೂ ಲೋಕಸಭಾ ಸದಸ್ಯರಿಗೂ ಒಂದೊಂದು ಮತವುಂಟು; ಆ ಎರಡು ಮತ ಸೇರಿದರೆ ಹುಕ್ಕೇರಿಯಲ್ಲಿ 25, ಗೋಕಾಕದಲ್ಲಿ 33.

'ಫಲಿತಾಂಶ'ವೆಂಬ ಶಬ್ದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಫಲಿತವೂ ಇದೆ, ಅಂಶವೂ ಇದೆ. ಫಲಿಸಿದುದರ ಒಂದು ಭಾಗವೆಂದೇ ಅದರ ಅರ್ಥ. ಯಾವ ಪತ್ರಿಕಾಕರ್ತರು ಇದನ್ನು ರೂಢಿಗೆ ತಂದರೋ, ಅವರಿಗೆ ಭವಿಷ್ಯದ ಅರಿವಿದ್ದಿತೇನೋ! 2018ರ ಸೆಪ್ಟೆಂಬರದಲ್ಲಿ ನಮಗೆ ದೊರೆತುದು ಅಷ್ಟೇ. ಅಧ್ಯಕ್ಷ ಉಪಾಧ್ಯಕ್ಷ ಸ್ಥಾನಗಳು ಯಾವ ವರ್ಗಕ್ಕೆ ಸಲ್ಲಬೇಕೆಂಬ ಮೀಸಲಾತಿಯ ಪಟ್ಟಿಯನ್ನು ಸರಕಾರ ಹೊರಡಿಸಬೇಕು. ಆ ಪಟ್ಟಿ ಹೊರಟಿತು, ಸರದಿಯ ನಿಯಮ ತಪ್ಪಿದೆಯೆಂದು ಹಲವರು ಉಚ್ಚ ನ್ಯಾಯಾಲಯಕ್ಕೆ ಹೋದರು, ವ್ಯಾಜ್ಯ ಬೆಳೆಯಿತು. ಅಧ್ಯಕ್ಷರಿಲ್ಲದೆ ಸಭೆಯಿಲ್ಲ, ಸಭೆಯಿಲ್ಲದೆ ಸಭಾಸದರಿಗೆ ಕೆಲಸವಿಲ್ಲ. ಸರಕಾರದ ಅಧಿಕಾರಿಗಳೇ ಆಡಳಿತಾಧಿಕಾರಿಗಳಾಗಿ ಕಾರಭಾರ ನಡೆಸಿದರು. ಬಹುತೇಕ ಊರುಗಳಲ್ಲಿ ಅಧ್ಯಕ್ಷರ ಆಯ್ಕೆಯಾದುದು 2020ರ ಅಕ್ಟೋಬರ, ನವೆಂಬರಗಳಲ್ಲಿ. ಎರಡು ವರ್ಷ ಕಳೆದಿದ್ದವು!

ಆ ಎರಡು ವರ್ಷಗಳು ಎಂಥವೆಂಬುದನ್ನು ಗೋಕಾಕದವರು ಮರೆಯಲಾರರು. 2019ರ ಆಗಸ್ಟದಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಒಮ್ಮೆಲೆ ಉಕ್ಕಿದವು. ಲೋಳಸೂರ ಸೇತುವೆ ಮುಳುಗಿತು. ಊರೊಳಗೆ ನೀರು ನುಗ್ಗಿತು. ಹೊಳೆಯ ದಂಡೆಯ ಓಣಿಗಳ ಜನ ಕೈಗೆ ಸಿಕ್ಕ ಪಾತ್ರೆಪಡಗಗಳೊಡನೆ ಹೊರಟರು. ಇದು ಸಾಲದೆಂಬಂತೆ ಅದೇ ಅಕ್ಟೋಬರದಲ್ಲಿ ಮಲ್ಲಿಕಾರ್ಜುನ ಗುಡ್ಡದ ಮೇಲಿನ ದೊಡ್ಡ ಬಂಡೆಗಳು ಕೆಳಗಿನ ಮನೆಗಳ ಮೇಲೆ ಉರುಳುವಂತಾಗಿ, ಅವುಗಳನ್ನು ಒಡೆಸಬೇಕಾಯಿತು. ಮರುವರ್ಷದ ಮಾರ್ಚದಲ್ಲಿ ಕೊರೊನಾ ಬೇನೆ. ಅಧಿಕಾರಿಗಳು ದುಡಿಯಲಿಲ್ಲವೆಂದು ನಾವು ಹೇಳುವದಿಲ್ಲ, ದುಡಿದರು. ಆದರೆ ಯಾವ ಓಣಿಯಲ್ಲಿ ನಡೆಯಲಾರದ ಮುದುಕಿ ಒಬ್ಬಳೇ ಇರುವಳು, ಯಾರ ಗೋಡೆ ಮಣ್ಣಿನದು, ಯಾವ ಮನೆಯಲ್ಲಿ ಬಾಣಂತಿ ಇರುವಳು ಎಂಬುದನ್ನು ಬಲ್ಲವನು ಆ ಓಣಿಯ ಸಭಾಸದನು. ಅವನು ಆರಿಸಿ ಬಂದಿದ್ದನು, ಓಡಾಡಿಯೂ ಇದ್ದಾನು. ಆದರೆ ಕಚೇರಿಯಲ್ಲಿ ಕುಳಿತು ಒಂದು ಠರಾವು ಮಾಡುವ ಅಧಿಕಾರ ಅವನಿಗಿರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಮನೆಯವರು ಯಾರನ್ನು ಕೇಳಬೇಕು?

ಈ ಸಂಸ್ಥೆಯ ಮೂಲಮಾದರಿ ಎಲ್ಲಿಂದ ಬಂದಿತೋ, ಆ ಇಂಗ್ಲಂಡದ ಬರೋಗಳ ರೂಢಿಯನ್ನು ನೋಡಿರಿ. ಅಲ್ಲಿ ಮತದಾನವು ಮೇ ತಿಂಗಳಿನ ಮೊದಲನೆಯ ಗುರುವಾರ. ಅದೇ ತಿಂಗಳಿನಲ್ಲಿ ಸಭೆಯ ವಾರ್ಷಿಕ ಕೂಟ ಸೇರಿ ಮೇಯರರನ್ನು ಆರಿಸುವದು. ಅಲ್ಲಿ ನಮ್ಮಂತೆ ಮೀಸಲಾತಿಯ ಸರದಿಯಿಲ್ಲ, ನಿಜ. ಶತಮಾನಗಳ ಅನ್ಯಾಯವನ್ನು ಸರಿಪಡಿಸಲು ನಮಗೆ ಮೀಸಲಾತಿ ಬೇಕು. ಆದರೆ ಆ ಪಟ್ಟಿಯನ್ನು ಮತದಾನಕ್ಕೆ ಮೊದಲೇ ನಿಷ್ಕರ್ಷಿಸಿ, ತಕರಾರುಗಳನ್ನು ತೀರಿಸಿಡಲು ಯಾವ ಅಡ್ಡಿ ಇದೆಯೋ ನಮಗೆ ತಿಳಿಯದು. ಲಗ್ನದ ಮುಹೂರ್ತ ಕಳೆದ ಮೇಲೆ ಮಾವನೂ ಬೀಗನೂ ವರದಕ್ಷಿಣೆಗಾಗಿ ಜಗಳಾಡಿದಂತಾಯಿತು.

ಒಮ್ಮೆಯಾದುದು ಮತ್ತೊಮ್ಮೆ ಆಗಲಾರದೆಂದು ತಿಳಿದಿದ್ದೆವು. ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಮೊದಲನೆಯ ಅವಧಿ 2023ರ ವಸಂತದಲ್ಲಿ ಮುಗಿಯಿತು. ಎರಡನೆಯ ಅವಧಿಯ ಮೀಸಲಾತಿಯ ಪಟ್ಟಿ ಹೊರಬಿದ್ದುದು 2024ರ ಆಗಸ್ಟದಲ್ಲಿ. ನಡುವಿನ ವರ್ಷಕ್ಕೂ ಮಿಕ್ಕಿದ ಕಾಲ ಮತ್ತೆ ಆಡಳಿತಾಧಿಕಾರಿಯದೇ.

ಸಂವಿಧಾನವು ಸಭೆಯ ಐದು ವರ್ಷಗಳನ್ನು ಮತದಾನದ ದಿನದಿಂದಲ್ಲ, ಮೊದಲನೆಯ ಕೂಟದ ದಿನದಿಂದ ಎಣಿಸುವದು. ಆದುದರಿಂದ 2018ರ ಆಗಸ್ಟದಲ್ಲಿ ಆರಿಸಿ ಬಂದವರ ಅವಧಿಯು 2025ರ ಕೊನೆಯ ತಿಂಗಳುಗಳವರೆಗೆ ಸಾಗುವ ಲೆಕ್ಕ. ಶಾಲೆಯ ಭಾಷೆಯಲ್ಲಿ ಹೇಳುವದಾದರೆ, ಗೋಕಾಕದಲ್ಲಿ ಮತಯಂತ್ರ ಇಟ್ಟ ವರ್ಷ ಒಂದನೆಯ ಇಯತ್ತೆಗೆ ಹೆಸರು ಹಚ್ಚಿಸಿದ ಹುಡುಗನು ಆ ಸಭೆಯ ಅವಧಿ ಮುಗಿಯುವಾಗ ಎಂಟನೆಯ ಇಯತ್ತೆಯಲ್ಲಿ ಕುಳಿತಿದ್ದನು.